ಮೈಕ್ರೋವೇವ್ ಒಲೆಗೆ ಎಂಥ ಪಾತ್ರೆ?

ನಮ್ಮಲ್ಲಿ ಅನೇಕರದು ಪಾಳಿಯ ಕೆಲಸ. ಮಕ್ಕಳು ತಾವೇ ಮೈಕ್ರೋವೇವ್ ಒಲೆಯಲ್ಲಿ ಅನ್ನ, ಸಾರು ಬಿಸಿಮಾಡಿಕೊಳ್ಳುತ್ತಾರೆ. ಆದುದರಿಂದ ಪಾತ್ರೆಯ ವಿಚಾರ ತಿಳಿದಿರಬೇಕು.

ಈ ಒಲೆಯ ಅಲೆಗಳು ಆಹಾರದೊಳಗಿನ ನೀರಿನಂಶವನ್ನು ಕಾಯಿಸುತ್ತವೆ. ಪಾತ್ರೆಯು ಅವಕ್ಕೆ ದಾರಿ ಬಿಡಬೇಕು. ಸ್ಟೀಲು, ಅಲ್ಯೂಮಿನಿಯಂ ಬಿಡವು. ಚಿನ್ನದ ಅಂಚಿನ ಪಿಂಗಾಣಿಯಿಂದಲೂ ಕಿಡಿ ಹಾರಬಹುದು. ಮೆಲಮೈನ್ ತಟ್ಟೆ, ಐಸ್‌ಕ್ರೀಮಿನ ಡಬ್ಬಿ ಬೇಡ. ಬೋರೋಸಿಲಿಕೇಟ್ ಗಾಜು ಉತ್ತಮ.

ಅಂಚಿಲ್ಲದ ಪಿಂಗಾಣಿಯ ಬಗ್ಗೆ ಸಂದೇಹವಿದ್ದರೆ, ಬರಿದಾದ ಆ ಪಾತ್ರೆಯ ಪಕ್ಕದಲ್ಲಿ ಗಾಜಿನ ಬಟ್ಟಲಲ್ಲಿ ನೀರಿಟ್ಟು 1 ನಿಮಿಷ ಒಲೆ ನಡೆಸಿರಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಯೋಗ್ಯ. ಪಾತ್ರೆಯೇ ಕಾದರೆ ಒಲೆಗೆ ಸಲ್ಲದು.

ಮುಚ್ಚಳ ಬಿಗಿಯಬಾರದು; ಆವಿಗೆ ಎಡೆಯಿರಲಿ. ಇದಿಷ್ಟನ್ನೂ ಮನೆಯ ಮಕ್ಕಳಿಗೆ ತಪ್ಪದೆ ಹೇಳಿರಿ.