ಪರವೂರಿನ ಕೆಲಸಗಾರನೂ ಕೈಯೊಳಗಿನ ಫೋನೂ

(ಪುಣೆ ಕ್ಯಾಂಪಿನಲ್ಲಿ ಸೇರಿದ್ದ ಹೋಟೆಲು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)

ರಾತ್ರಿಯ ಕೊನೆಯ ಟೇಬಲು ಒರೆಸಿ, ಕೈಕಾಲು ತೊಳೆದು, ನಿದ್ದೆಯ ಹೊತ್ತನ್ನು ಬಿಟ್ಟುಕೊಟ್ಟು ನೀವೆಲ್ಲ ಇಲ್ಲಿ ಸೇರಿದ್ದೀರಿ. ಪಗಾರ, ಬೋನಸ್ಸು, ವಾರದ ರಜೆ ಇವುಗಳ ಬಗ್ಗೆ ಮಾತನಾಡಬೇಕಾದ ಸಂಘವು ಮೊಬೈಲು ಫೋನಿನ ವಿಷಯವನ್ನು ಎತ್ತಿಕೊಂಡದ್ದೇಕೆ ಎಂದು ಕೆಲವರು ಕೇಳಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಇಂದು ನಮ್ಮಲ್ಲಿ ಬಹಳ ಜನರ ಪಗಾರ ಬ್ಯಾಂಕಿಗೆ ಬರುತ್ತದೆ. ಬ್ಯಾಂಕಿನ ಬಾಗಿಲು ತೆರೆಯಬೇಕಾದರೆ ಫೋನಿಗೆ ಬರುವ ಓಟಿಪಿ ಬೇಕು. ಪಿಎಫ್ ಹಣ ತೆಗೆಯಬೇಕಾದರೂ ಅದೇ, ಊರಿಗೆ ದುಡ್ಡು ಕಳಿಸಬೇಕಾದರೂ ಅದೇ. ಹೀಗಿರುವಲ್ಲಿ ಫೋನಿನ ನಂಬರು ಯಾರ ಹೆಸರಿನಲ್ಲಿದೆ, ಅದಕ್ಕೆ ತಿಂಗಳಿಗೆ ಎಷ್ಟು ತೆರುತ್ತೇವೆ ಎಂಬುದು ಪಗಾರದ ಪ್ರಶ್ನೆಯೇ ಆಯಿತು.

ನಮ್ಮ ಹಿರಿಯರು ಈ ಕ್ಯಾಂಪಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಊರಿನ ಸಮಾಚಾರ ಕಾಗದದಲ್ಲಿ ಬರುತ್ತಿತ್ತು; ಸಾವುನೋವಿನದಾದರೆ ತಂತಿಯಲ್ಲಿ. ಆ ತಂತಿಯ ಸೇವೆ 2013ರ ಜುಲೈಯಲ್ಲಿ ನಿಂತೇ ಹೋಯಿತು. ನಡುವೆ ಎಸ್‌ಟಿಡಿ ಬೂತುಗಳ ಕಾಲ ಬಂತು. ರಾತ್ರಿ ದರ ಇಳಿಯುವವರೆಗೆ ಕಾದು, ಸಾಲಿನಲ್ಲಿ ನಿಂತು, ಮೀಟರಿನ ಕೆಂಪು ಅಂಕಿ ಓಡುವುದನ್ನು ನೋಡುತ್ತ, ಹೇಳಬೇಕಾದ್ದರಲ್ಲಿ ಅರ್ಧ ಹೇಳಿ ಇಡುತ್ತಿದ್ದರು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲು ಕರೆ ಮಾಡಿದರು. ಆಗ ಅದು ಶ್ರೀಮಂತರ ವಸ್ತು. ಬಂದ ಕರೆಗೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಕರೆದವನೇ ತೆರುವ ಪದ್ಧತಿ ಬಂದು ಒಳಬರುವ ಕರೆ ಉಚಿತವಾಯಿತು. ಆ ಮೇಲೆಯೇ ಫೋನು ದುಡಿಯುವವರ ಕೈಗೆ ಇಳಿದದ್ದು.

ಆದರೆ ಪರವೂರಿನವರಿಗೆ ಅಷ್ಟಕ್ಕೇ ಕಷ್ಟ ತೀರಲಿಲ್ಲ. ಕರ್ನಾಟಕದ ಸಿಮ್ಮನ್ನು ಪುಣೆಗೆ ತಂದರೆ ರೋಮಿಂಗ್ ಬೀಳುತ್ತಿತ್ತು. ತಾಯಿ ಅಲ್ಲಿಂದ ಕರೆದರೂ ಇಲ್ಲಿ ನಮ್ಮ ಬ್ಯಾಲೆನ್ಸು ಕರಗುತ್ತಿತ್ತು. ಆದಕಾರಣ ಊರಿನಿಂದ ಬಂದ ಹುಡುಗನು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಊರಿನ ಸಿಮ್ಮನ್ನು ಎಸೆದು ಮಹಾರಾಷ್ಟ್ರದ ಸಿಮ್ಮು ಕೊಳ್ಳುವುದು. ಕೆಲಸ ಬಿಟ್ಟು ಊರಿಗೆ ಹೋದರೆ ಇದನ್ನು ಎಸೆದು ಮತ್ತೊಂದು. 2015ರ ಜೂನಿನಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆಯು ರೋಮಿಂಗಿನಲ್ಲಿ ಒಳಬರುವ ಕರೆಯನ್ನು ಉಚಿತ ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ರೋಮಿಂಗ್ ದರವಿಲ್ಲದೆ ಬಂದ ಮೇಲೆ ಉಳಿದ ಕಂಪನಿಗಳೂ ಅದನ್ನು ಕೈಬಿಟ್ಟವು. ಈಗ ಕುಂದಾಪುರದ ಸಿಮ್ಮಾಗಲಿ, ವಿಜಯಪುರದ ಸಿಮ್ಮಾಗಲಿ, ಕ್ಯಾಂಪಿನಲ್ಲಿ ಅದೇ ದರಕ್ಕೆ ನಡೆಯುತ್ತದೆ. ಕಾರಣ ಹೋಗಿದೆ, ಮಿತ್ರರೇ; ನಮ್ಮ ಅಭ್ಯಾಸ ಮಾತ್ರ ಹೋಗಿಲ್ಲ. ಇಂದಿಗೂ ಊರು ಬದಲಾದರೆ ನಂಬರು ಬದಲಾಯಿಸುತ್ತೇವೆ, ಹೋಟೆಲು ಬದಲಾದರೆ ನಂಬರು ಬದಲಾಯಿಸುತ್ತೇವೆ.

ಇದರಿಂದ ಆಗುವ ನಷ್ಟವೇನು? ನಮ್ಮವನೇ ಆದ ಒಬ್ಬ ಸಹೋದರನ ಮಾತು ಹೇಳುತ್ತೇವೆ. ಅವನ ಹೆಸರು ಬೇಡ, ಹೋಟೆಲಿನ ಹೆಸರೂ ಬೇಡ. ಅವನು ಬಂದ ವಾರವೇ ಗಲ್ಲಾದ ಮೇಲಿದ್ದವರು ತಮ್ಮ ಹೆಸರಿನಲ್ಲಿದ್ದ ಒಂದು ಸಿಮ್ಮನ್ನು ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬಹುದು. ಅದೇ ನಂಬರನ್ನು ಅವನು ಬ್ಯಾಂಕಿಗೂ ಆಧಾರಿಗೂ ಬರೆಸಿದನು. ಐದು ವರ್ಷ ದುಡಿದ ಮೇಲೆ ಪಗಾರದ ವಿಷಯದಲ್ಲಿ ಮಾತು ಬಂದು ಕೆಲಸ ಬಿಟ್ಟನು. ಮರುದಿನ ಸಿಮ್ಮು ನಿಂತಿತು. ಪಿಎಫ್ ಹಣಕ್ಕೆ ಅರ್ಜಿ ಹಾಕಲು ಹೋದರೆ ಓಟಿಪಿ ಹೋಗುವುದು ಆ ಸತ್ತ ನಂಬರಿಗೆ. ತನ್ನ ಬೆವರಿನ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆದನು. 20 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಹೋಟೆಲಿಗೆ ಪಿಎಫ್ ಕಾನೂನು ಅನ್ವಯಿಸುತ್ತದೆಂದು ಇದೇ ಸಭೆಗಳಲ್ಲಿ ನಾವು ಎಷ್ಟೋ ಸಲ ಹೇಳಿದ್ದೇವೆ. ಕಾನೂನು ಕೊಟ್ಟ ಹಣವನ್ನು ಇನ್ನೊಬ್ಬರ ಹೆಸರಿನ ಸಿಮ್ಮು ತಡೆದು ನಿಲ್ಲಿಸಬಾರದು.

ಆದುದರಿಂದ ಮೊದಲನೆಯ ಮಾತು: ನಂಬರು ನಿಮ್ಮ ಹೆಸರಿನಲ್ಲೇ ಇರಲಿ. ಧಣಿಯದು ಬೇಡ, ಕೋಣೆಯ ಗೆಳೆಯನದು ಬೇಡ, ಅಣ್ಣನದೂ ಬೇಡ. ಸಿಮ್ಮಿಗೆ ಆಧಾರ್ ಕಡ್ಡಾಯವೆಂದು ಒತ್ತಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನಲ್ಲಿ ಹೇಳಿದೆ. ಮತದಾರರ ಚೀಟಿ, ಡ್ರೈವಿಂಗ್ ಲೈಸನ್ಸ್ ಇವುಗಳನ್ನೂ ತೋರಿಸಬಹುದು. ಬೆರಳು ಒತ್ತುವಾಗ "ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಒತ್ತು" ಎಂದರೆ ಎಚ್ಚರವಿರಲಿ. ಆ ಎರಡನೆಯ ಒತ್ತಿನಲ್ಲಿ ನಿಮ್ಮ ಹೆಸರಿನ ಇನ್ನೊಂದು ಸಿಮ್ಮು ಹುಟ್ಟಿ ವಂಚಕರ ಕೈ ಸೇರುವುದುಂಟು. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂಬುದನ್ನು ಸರ್ಕಾರದ ಸಂಚಾರ ಸಾಥಿಯಲ್ಲಿ ನೋಡಬಹುದು. 2023ರ ಮೇಯಿಂದ ಈ ಸೌಲಭ್ಯವಿದೆ. ನಿಮ್ಮದಲ್ಲದ್ದು ಕಂಡರೆ ಅಲ್ಲಿಯೇ ದೂರು ಕೊಡಬಹುದು. ನಾಲ್ಕು ಕಾಸಿನ ಆಸೆಗೆ ನಿಮ್ಮ ಹೆಸರಿನ ಸಿಮ್ಮನ್ನು ಮಾರಬೇಡಿರಿ. ಅದರಿಂದ ಯಾರೋ ಮೋಸ ಮಾಡಿದರೆ ಪೊಲೀಸರು ಬಂದು ನಿಲ್ಲುವುದು ನಿಮ್ಮ ಬಾಗಿಲಿಗೆ.

ಎರಡನೆಯದು, ಯಾವ ಕಂಪನಿ ಎಂಬುದು. ಎಂ.ಜಿ. ರಸ್ತೆಯಲ್ಲಿಯೋ ಈಸ್ಟ್ ಸ್ಟ್ರೀಟಿನಲ್ಲಿಯೋ ನಿಂತು ನೋಡಿದರೆ ಫೋನಿನಲ್ಲಿ ಗೀಟುಗಳು ತುಂಬಿಯೇ ಇರುತ್ತವೆ. ಅದನ್ನು ನೋಡಿ ತೀರ್ಮಾನಿಸಬೇಡಿರಿ. ಕರೆಗೆ ಎರಡು ತುದಿಗಳಿವೆ. ನಾವು ಕರೆಯುವುದು ಬೈಂದೂರಿನಾಚೆ ಘಟ್ಟದ ಬುಡದ ಮನೆಗೆ, ಕಾರ್ಕಳದ ಕಾಡಂಚಿಗೆ, ಕಲಬುರಗಿಯ ಒಂದು ತಾಂಡಾಕ್ಕೆ. ಅಲ್ಲಿ ತಾಯಿ ಫೋನು ಹಿಡಿದು ಗೇರುಮರದ ಕೆಳಗೆ ನಿಂತರೆ ಮಾತ್ರ ಮಾತು ಕೇಳಿಸುತ್ತದೆಂದಾದರೆ ಇಲ್ಲಿಯ ಗೀಟುಗಳಿಂದ ಏನು ಪ್ರಯೋಜನ? ಮೊದಲು ಮನೆಯ ಒಳಗೆ ಯಾವ ಕಂಪನಿ ಸಿಗುತ್ತದೆಂದು ಕೇಳಿ ತಿಳಿದು ಮನೆಯವರಿಗೆ ಅದನ್ನು ಕೊಡಿಸಿರಿ. ಇಲ್ಲಿ ನಾವು ಮಲಗುವ ಕೋಣೆಯಲ್ಲಿ, ಅಡಿಗೆಮನೆಯ ಹಿಂಬದಿಯಲ್ಲಿ ಯಾವುದು ಸಿಗುತ್ತದೆಂದು ನೋಡಿ ನಮ್ಮದನ್ನು ಆರಿಸೋಣ. ಎರಡೂ ಒಂದೇ ಕಂಪನಿಯಾಗಬೇಕೆಂದಿಲ್ಲ. ಎಲ್ಲ ಕಂಪನಿಗಳಿಗೂ ಕರೆ ಉಚಿತವಾಗಿರುವ ಪ್ಲಾನುಗಳೇ ಈಗ ಸಾಮಾನ್ಯ.

ಕಂಪನಿ ಸರಿಯಿಲ್ಲವೆಂದರೆ ನಂಬರನ್ನು ಬಿಡಬೇಕಾಗಿಲ್ಲ. ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ 2011ರ ಜನವರಿ 20ರಿಂದ ಬಂದಿದೆ. 2015ರ ಜುಲೈಯಿಂದ ಒಂದು ರಾಜ್ಯದ ನಂಬರನ್ನು ಇನ್ನೊಂದು ರಾಜ್ಯಕ್ಕೂ ಒಯ್ಯಬಹುದು. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ನಂಬರು ಬರೆದು 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಒಂದು ಗುಪ್ತ ಸಂಖ್ಯೆ ಬರುತ್ತದೆ. ಇಲ್ಲಿ ಅದಕ್ಕೆ 4 ದಿನಗಳ ಆಯುಸ್ಸು. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಹಳೆಯ ರೀಚಾರ್ಜಿನಲ್ಲಿ ಉಳಿದದ್ದು ಹೋಗುತ್ತದೆ. ಆದ್ದರಿಂದ ಪ್ಲಾನು ಮುಗಿಯುತ್ತ ಬಂದಾಗ ಈ ಕೆಲಸಕ್ಕೆ ಕೈಹಾಕುವುದು ಜಾಣತನ.

ಮೂರನೆಯದು ಪ್ಲಾನು. ನಮಗೆ ವರ್ಷಕ್ಕೆ ಹನ್ನೆರಡು ಪಗಾರ. 28 ದಿನದ ಪ್ಲಾನು ಹಾಕಿಸುವವನಿಗೆ ವರ್ಷಕ್ಕೆ ಹದಿಮೂರು ರೀಚಾರ್ಜು. 28ನ್ನು 13ರಿಂದ ಗುಣಿಸಿದರೆ 364. "ತಿಂಗಳ ಪ್ಲಾನು" ಎಂದು ಅಂಗಡಿಯವನು ಬಾಯಲ್ಲಿ ಹೇಳುವುದು ತಿಂಗಳಲ್ಲ, ನಾಲ್ಕು ವಾರ. ಇದರ ಮೇಲೆ ಗ್ರಾಹಕರು ದೂರಿದ್ದರಿಂದಲೇ 2022ರ ಜನವರಿಯಲ್ಲಿ ಟ್ರಾಯ್ ಸಂಸ್ಥೆಯು 30 ದಿನದ ಪ್ಲಾನನ್ನೂ, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಪ್ಲಾನನ್ನೂ ಕಂಪನಿಗಳು ಇಡಲೇಬೇಕೆಂದು ಆಜ್ಞೆ ಮಾಡಿತು. ಆದರೆ ಕೇಳದವನಿಗೆ ಅಂಗಡಿಯವನು ತಾನಾಗಿ ಹೇಳುವುದಿಲ್ಲ. ಲೆಕ್ಕ ಹಾಕುವ ರೀತಿ ಇದು: ಬೆಲೆಯನ್ನು ದಿನಗಳಿಂದ ಭಾಗಿಸಿರಿ. ಸುಲಭವಾಗಲೆಂದು ಒಂದು ಪ್ಲಾನು 28 ದಿನಕ್ಕೆ 280 ರೂಪಾಯಿ, ಇನ್ನೊಂದು 30 ದಿನಕ್ಕೆ 285 ರೂಪಾಯಿ ಎಂದಿಟ್ಟುಕೊಳ್ಳೋಣ. ನೋಟಕ್ಕೆ ಮೊದಲನೆಯದೇ ಅಗ್ಗ. ಆದರೆ ಅದಕ್ಕೆ ದಿನಕ್ಕೆ 10 ರೂಪಾಯಿ ಬೀಳುತ್ತದೆ, ಎರಡನೆಯದಕ್ಕೆ ಒಂಬತ್ತೂವರೆ. ವರ್ಷಕ್ಕೆ 180 ರೂಪಾಯಿಗೂ ಮಿಕ್ಕಿ ವ್ಯತ್ಯಾಸ.

ಬಳಸದ್ದಕ್ಕೆ ದುಡ್ಡು ಕೊಡುವುದೂ ನಷ್ಟವೇ. ನಸುಕಿನಲ್ಲಿ ಭಟ್ಟಿ ಹೊತ್ತಿಸಿದವನು ರಾತ್ರಿಯವರೆಗೆ ಫೋನು ಮುಟ್ಟುವುದು ಎಷ್ಟು ಹೊತ್ತು? ದಿನಕ್ಕೆ ಎರಡು ಜಿಬಿ ಡೇಟಾ ಕೊಂಡು ಅರ್ಧವೂ ಮುಗಿಯದವರು ನಮ್ಮಲ್ಲಿ ಬಹಳ ಮಂದಿ. ಉಳಿದ ದೋಸೆಹಿಟ್ಟು ಮರುದಿನ ಉತ್ತಪ್ಪಕ್ಕಾದರೂ ಆಗುತ್ತದೆ. ದಿನವಹಿ ಡೇಟಾ ಕೊಡುವ ಹೆಚ್ಚಿನ ಪ್ಲಾನುಗಳಲ್ಲಿ ಉಳಿದ ಡೇಟಾ ಮಧ್ಯರಾತ್ರಿಗೆ ಹೋಯಿತೆಂದರೆ ಹೋಯಿತು. ಊರಿನ ತಾಯಿಗೆ ಗುಂಡಿಯ ಫೋನಿರುವಲ್ಲಿ ಡೇಟಾ ಬೇಕೇ ಇಲ್ಲ. ಮಾತು ಮತ್ತು ಎಸ್‌ಎಂಎಸ್‌ಗೆ ಮಾತ್ರವಾದ ರೀಚಾರ್ಜುಗಳನ್ನು ಇಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿ, ಅವುಗಳ ಅವಧಿ 365 ದಿನದವರೆಗೂ ಇರಬಹುದೆಂದು ಹೇಳಿತು. ಅದನ್ನು ಹೆಸರು ಹಿಡಿದು ಕೇಳಿರಿ: "ಬರೀ ಮಾತಿನ ಪ್ಲಾನು ಯಾವುದಿದೆ?" ಎಂದು.

ಒಂದು ಎಚ್ಚರಿಕೆ. ಪ್ಲಾನು ಮುಗಿದ ನಂಬರನ್ನು ಹಾಗೆಯೇ ಬಿಟ್ಟರೆ ಮೊದಲು ಹೊರಕರೆ ನಿಲ್ಲುತ್ತದೆ, ಆ ಮೇಲೆ ಒಳಬರುವುದೂ ನಿಲ್ಲುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ನಂಬರೇ ರದ್ದಾಗಿ ಮುಂದೆ ಬೇರೊಬ್ಬರಿಗೆ ಹೋಗಬಹುದು. ಬ್ಯಾಂಕಿಗೆ ಕೊಟ್ಟ ನಂಬರನ್ನು ಸಾಯಗೊಡಬೇಡಿರಿ. ಬದಲಿಸಲೇಬೇಕಾಗಿ ಬಂದರೆ ಹಳೆಯದು ಜೀವಂತವಿರುವಾಗಲೇ ಬ್ಯಾಂಕು, ಆಧಾರ್, ಪಿಎಫ್ ಮೂರರಲ್ಲೂ ಹೊಸದನ್ನು ಬರೆಸಿಕೊಳ್ಳಿರಿ.

ಇನ್ನು ಫೋನು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಸಿಮ್ಮು ಹಿಡಿಯುವಂಥದ್ದು, ಬ್ಯಾಟರಿ ಒಂದು ದಿನ ತುಂಬ ಬರುವಂಥದ್ದು, ಓದಲು ಕನ್ನಡ ಅಕ್ಷರ ಚೆನ್ನಾಗಿ ಕಾಣುವಂಥದ್ದು ಇದ್ದರೆ ಸಾಕು. ಕಂತಿನ ಮೇಲೆ ದೊಡ್ಡ ಫೋನು ಕೊಳ್ಳುವವರು "ಬಡ್ಡಿ ಇಲ್ಲ" ಎಂಬ ಮಾತಿನ ಹಿಂದೆ ಪ್ರೊಸೆಸಿಂಗ್ ಫೀಜು, ತಪ್ಪಿದ ಕಂತಿನ ದಂಡ ಎಷ್ಟೆಂದು ಬರಹದಲ್ಲಿ ಕೇಳಿರಿ. ಕೆಲಸ ಬಿಟ್ಟರೂ ಕಂತು ಬಿಡುವುದಿಲ್ಲ. ಕಂತಿಗೆ ಹೆದರಿ ಅನ್ಯಾಯದ ಪಗಾರಕ್ಕೆ ತಲೆಬಾಗಿಸಿದವರನ್ನು ನಾವು ಕಂಡಿದ್ದೇವೆ. ಹಳೆಯ ಫೋನು ಕೊಳ್ಳುವವರು *#06# ಒತ್ತಿ 15 ಅಂಕಿಯ ಐಎಂಇಐ ನೋಡಿ, ಅದು ಕದ್ದ ಮಾಲೋ ಎಂಬುದನ್ನು ಸಂಚಾರ ಸಾಥಿಯಲ್ಲಿ ಪರೀಕ್ಷಿಸಿಕೊಳ್ಳಿರಿ. ಆ ಸಂಖ್ಯೆಯನ್ನು ಬರೆದಿಟ್ಟರೆ ಫೋನು ಕಳೆದಾಗ ಅದನ್ನು ಬಂದು ಮಾಡಿಸಲಿಕ್ಕೂ ಬೇಕಾಗುತ್ತದೆ. ಖಾತೆಯಿಂದ ಮೋಸದಿಂದ ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿರಿ; ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಮಿತ್ರರೇ, ಅಂಗಡಿಯವನು ಹೇಳುವುದು ಮರಾಠಿಯಲ್ಲಿ, ಕಾಗದ ಇರುವುದು ಇಂಗ್ಲಿಷಿನಲ್ಲಿ, ನಮ್ಮ ಪ್ರಶ್ನೆ ಹುಟ್ಟುವುದು ಕನ್ನಡದಲ್ಲಿ. ಒಬ್ಬನೇ ಹೋದವನು ಪ್ರಶ್ನೆಯನ್ನು ನುಂಗಿಕೊಂಡು ದುಡ್ಡು ಕೊಟ್ಟು ಬರುತ್ತಾನೆ. ಆದಕಾರಣ ಸಂಘವು ಎರಡು ಕೆಲಸಗಳನ್ನು ಮಾಡಬೇಕೆಂದು ಈ ಸಭೆಯ ಮುಂದಿಡುತ್ತೇವೆ. ಸಂಘದ ಕೋಣೆಯಲ್ಲಿ ಒಂದು ಪುಸ್ತಕ ತೂಗುಹಾಕೋಣ. ಪ್ರತಿಯೊಬ್ಬನೂ ತನ್ನ ಊರಿನ ಹೆಸರು ಬರೆದು, ಅಲ್ಲಿ ಮನೆಯೊಳಗೆ ಯಾವ ಕಂಪನಿ ಸಿಗುತ್ತದೆ ಎಂಬುದನ್ನು ಎದುರಿಗೆ ಬರೆಯಲಿ. ಒಂದು ವರ್ಷದಲ್ಲಿ ಯಾವ ಕಂಪನಿಯ ಜಾಹೀರಾತಿನಲ್ಲಿಯೂ ಇಲ್ಲದ ತಿಳಿವಳಿಕೆ ನಮ್ಮ ಕೈಯಲ್ಲಿರುತ್ತದೆ. ಎರಡನೆಯದಾಗಿ, ಮರಾಠಿಯೂ ಇಂಗ್ಲಿಷೂ ಬಲ್ಲ ಇಬ್ಬರು ಸದಸ್ಯರು ವಾರಕ್ಕೊಂದು ಸಂಜೆ, ಹೊಸದಾಗಿ ಬಂದ ಹುಡುಗರೊಡನೆ ಅಂಗಡಿಗೆ ಹೋಗಿ ಅವರ ಹೆಸರಿನಲ್ಲಿಯೇ ಸಿಮ್ಮು ಕೊಡಿಸಿ ಬರಲಿ.

ಇದಕ್ಕೆ ಒಪ್ಪಿಗೆಯಿದ್ದವರು ಕೈ ಎತ್ತಿರಿ. ಪುಸ್ತಕವನ್ನು ತಂದಿದ್ದೇವೆ, ಹೊರಗೆ ಹೋಗುವ ಮುಂಚೆ ನಿಮ್ಮ ಊರಿನ ಹೆಸರು ಬರೆದು ಹೋಗಿರಿ.