ಮನೆಯ ಮೀನಿನ ತೊಟ್ಟಿ: ಅತಿ ಆರೈಕೆ ಬೇಡ

(ಯುವಕ ಮಂಡಲಿಯ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ಸಾರಿ ಬಿತ್ತನೆ, ಕಳೆ, ಗೊಬ್ಬರ ಇವುಗಳ ಮಾತನ್ನು ಸ್ವಲ್ಪ ಬದಿಗಿಟ್ಟು ಮನೆಯೊಳಗಿನ ಒಂದು ಸಣ್ಣ ವಿಷಯ ಹೇಳಹೊರಟಿದ್ದೇನೆ. ಹೇಳುತ್ತ ಹೋದಂತೆ ಗೊಬ್ಬರದ ಮಾತು ತಾನಾಗಿಯೇ ಬಂದು ಸೇರುತ್ತದೆ.

ಜಾತ್ರೆಯಿಂದಲೋ ಪೇಟೆಯಿಂದಲೋ ಮಕ್ಕಳಿಗೆಂದು ನಾಲ್ಕು ಬಣ್ಣದ ಮೀನು ತರುತ್ತೀರಿ. ದುಂಡನೆಯ ಗಾಜಿನ ಪಾತ್ರೆಯಲ್ಲಿ ಬಿಡುತ್ತೀರಿ. ಮೂರು ಹೊತ್ತೂ ಅನ್ನದ ಅಗುಳು ಹಾಕುತ್ತೀರಿ. ನೀರು ಕದಡಿತೆಂದು ಮೂರನೆಯ ದಿನ ಎಲ್ಲವನ್ನೂ ಚೆಲ್ಲಿ, ಪಾತ್ರೆಯನ್ನು ಸಾಬೂನಿನಿಂದ ತಿಕ್ಕಿ, ಹೊಸ ನೀರು ತುಂಬುತ್ತೀರಿ. ವಾರ ಕಳೆಯುವುದರೊಳಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಮಗು ಅಳುತ್ತದೆ. ಹಿರಿಯರು "ಇದು ನಮ್ಮ ಮನೆಗೆ ಆಗಿಬರುವುದಿಲ್ಲ" ಎಂದು ತೀರ್ಪು ಕೊಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಮೀನಿಗೆ ಆಗಿಬರದೇ ಹೋದದ್ದು ಮನೆಯಲ್ಲ, ಮನೆಯವರ ಆರೈಕೆ.

ಅದನ್ನು ಕೊಂದ ವಸ್ತು ನಿಮಗೆ ಗುರುತಿರುವುದೇ. ಮುಚ್ಚಿದ ದನದ ಕೊಟ್ಟಿಗೆಯ ಬಾಗಿಲನ್ನು ಬೆಳಿಗ್ಗೆ ತೆರೆದಾಗ ಮೂಗಿಗೆ ಚುರ್ ಎನ್ನುವ ವಾಸನೆ ಇದೆಯಲ್ಲ, ಅದೇ ಅಮೋನಿಯ. ಮೀನು ತನ್ನ ಕಿವಿರುಗಳ ಮೂಲಕ ಅದನ್ನು ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಅನ್ನ ಕೊಳೆತರೂ ಅದೇ ಹುಟ್ಟುತ್ತದೆ. ಹೊಲದಲ್ಲಾದರೆ ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜೀವಾಣುಗಳು ಅಮೋನಿಯವನ್ನು ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಪೈರು ಅದನ್ನು ಹೀರಿಕೊಳ್ಳುತ್ತದೆ. ತೊಟ್ಟಿಯಲ್ಲಿಯೂ ನಡೆಯಬೇಕಾದದ್ದು ಇದೇ ಕೆಲಸ, ಮಾಡುವವೂ ಅದೇ ಬಗೆಯ ಜೀವಾಣುಗಳೇ. ಅಮೋನಿಯವೂ ನೈಟ್ರೈಟೂ ಮೀನಿಗೆ ವಿಷ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ. ಈ ಜೀವಾಣುಗಳು ಮರಳಿಗೆ, ಗಾಜಿಗೆ, ಗಿಡದ ಎಲೆಗೆ ಅಂಟಿಕೊಂಡು ಬಾಳುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೂರು ದಿನಕ್ಕೊಮ್ಮೆ ಸಾಬೂನು ಹಾಕಿ ತಿಕ್ಕಿದರೆ ಅವು ನೆಲೆಗೊಳ್ಳುವುದು ಯಾವಾಗ?

ಗಿಡವಿದ್ದ ತೊಟ್ಟಿ ತನ್ನನ್ನು ತಾನೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ ಎಂಬುದು ಇಂದು ನಿನ್ನೆಯ ಮಾತಲ್ಲ. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಆತ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಸಣ್ಣ ಗೋಲ್ಡ್‌ಫಿಷ್‌ಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟ. ಗಿಡದ ಹಳೆಯ ಎಲೆಗಳು ಕೊಳೆತು ನೀರು ಕೆಡಲಾರಂಭಿಸಿತು. ಆಗ ನೀರನ್ನು ಚೆಲ್ಲುವ ಬದಲು ಕೆಲವು ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. ಇದನ್ನು ಆತ 1850ರಲ್ಲಿ ಪ್ರಕಟಿಸಿದ. ನಮ್ಮ ಕಾಲಕ್ಕೆ ಬಂದರೆ, ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಎಂಬ ಮಹಿಳೆ 1999ರಲ್ಲಿ ಬರೆದ ಪುಸ್ತಕದಲ್ಲಿ ತೊಟ್ಟಿಯ ತಳಕ್ಕೆ ಸಾಮಾನ್ಯ ಮಣ್ಣನ್ನೇ ಹಾಕಿ, ಗಿಡ ದಟ್ಟವಾಗಿ ಬೆಳೆಸಿ, ಉಳಿದದ್ದನ್ನು ಪ್ರಕೃತಿಗೆ ಬಿಡುವ ಕ್ರಮವನ್ನು ವಿವರಿಸಿದ್ದಾರೆ. ಪಟ್ಟಣದವರು ಮಣ್ಣನ್ನು ಚೀಲದಲ್ಲಿ ಕೊಂಡು ತರಬೇಕು. ನಮಗೆ ಆ ಚಿಂತೆಯಿಲ್ಲವಷ್ಟೆ.

ಈಗ ಕೆಲಸಕ್ಕೆ ಬರೋಣ. ದುಂಡು ಪಾತ್ರೆ ಬೇಡ. ಅದರಲ್ಲಿ ನೀರು ಕಡಿಮೆ, ಬಾಯಿ ಕಿರಿದು, ಗಾಳಿ ನೀರಿಗೆ ಸೇರುವುದಿಲ್ಲ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಸಾಕು. ಬಾಯಿತನಕ ತುಂಬಿದರೆ ಸುಮಾರು 56 ಲೀಟರು ಹಿಡಿಯುತ್ತದೆ. ಎಂದರೆ ನೀರಿನ ಭಾರವೇ ಅರ್ಧ ಕ್ವಿಂಟಲಿಗೆ ಮೇಲೆ. ಗೋಡೆಯ ಹಲಗೆಯ ಮೇಲಿಡದೆ ಕಲ್ಲಿನ ಜಗಲಿಯ ಮೇಲೋ ಗಟ್ಟಿ ಮೇಜಿನ ಮೇಲೋ ಇಡಿ. ಬೆಳಕು ಬರುವ ಕಿಟಕಿಯ ಬಳಿ ಇರಲಿ, ಆದರೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳಬಾರದು. ಬಿದ್ದರೆ ನೀರು ಹಸಿರುಗಟ್ಟುತ್ತದೆ, ಕಾಯುತ್ತದೆ ಕೂಡ.

ತಳಕ್ಕೆ ಒಂದು ಅಂಗುಲ ಮಣ್ಣು. ಇತ್ತೀಚೆಗೆ ಯೂರಿಯ ಅಥವಾ ಕೊಟ್ಟಿಗೆ ಗೊಬ್ಬರ ಬೀಳದ ಜಾಗದ ಮಣ್ಣಾಗಿರಬೇಕು. ಕೆರೆಯ ಗೋಡು ಹೊಲಕ್ಕೆ ಒಳ್ಳೆಯದು, ಇಲ್ಲಿಗೆ ಬೇಡ. ಅದರಲ್ಲಿ ಕೊಳೆಯುವ ಪದಾರ್ಥ ಹೆಚ್ಚು. ಮಣ್ಣಿನ ಮೇಲೆ ಚೆನ್ನಾಗಿ ತೊಳೆದ ಮರಳು ಒಂದು ಅಂಗುಲ. ಅದರಲ್ಲಿ ಹೈಡ್ರಿಲ್ಲ, ವ್ಯಾಲಿಸ್ನೇರಿಯ ಮೊದಲಾದ ನೀರುಗಿಡಗಳನ್ನು ಒತ್ತಾಗಿ ನೆಡಿ. ಮರಳಿನ ಮೇಲೆ ಬಾಳೆಯೆಲೆಯ ತುಂಡು ಹಾಸಿ ಅದರ ಮೇಲೆ ನಿಧಾನವಾಗಿ ನೀರು ಸುರಿದರೆ ಮಣ್ಣು ಏಳುವುದಿಲ್ಲ. ಆಮೇಲೆ ಒಂದು ತಿಂಗಳು ಮೀನು ಬಿಡಬೇಡಿ. ಮಕ್ಕಳನ್ನು ಈ ತಿಂಗಳು ತಡೆದು ನಿಲ್ಲಿಸುವುದೇ ಇಡೀ ಕೆಲಸದಲ್ಲಿ ಕಷ್ಟವಾದ ಭಾಗವೆಂದು ನನಗೆ ತೋರುತ್ತದೆ. ಗಿಡ ಚಿಗುರುವುದನ್ನು ನೋಡಲಿ. ಬಸವನಹುಳು ಗಿಡದ ಜೊತೆಯಲ್ಲಿ ಬಂದರೆ ಇರಲಿ ಬಿಡಿ.

ನೀರಿನ ವಿಷಯ. ಪಂಚಾಯಿತಿಯ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಆ ನೀರಿನ ಕ್ಲೋರಿನ್ ಮೀನನ್ನೂ ಜೀವಾಣುಗಳನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಕೊಳವೆ ಬಾವಿಯ ನೀರನ್ನೂ ಹಾಗೆಯೇ ಇಟ್ಟು, ಒಂದೆರಡು ಸಲ ಎತ್ತಿ ಸುರಿದು ಗಾಳಿ ಸೇರಿಸಿ. ಎರಡು ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಅಷ್ಟೇ ಹೊಸದು ತುಂಬಿದರಾಯಿತು. ತೆಗೆದ ನೀರನ್ನು ತುಳಸಿಗೋ ಕರಿಬೇವಿಗೋ ಹಾಕಿ. ನೈಟ್ರೇಟು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಯಿತು. ಮೋಟಾರು, ಗಾಳಿಗುಳ್ಳೆಯ ಯಂತ್ರ ಇವನ್ನೇ ನಂಬಿ ಮೀನು ತುಂಬಿಸಿದ ತೊಟ್ಟಿ ಕರೆಂಟು ಹೋದ ರಾತ್ರಿ ಅಪಾಯಕ್ಕೆ ಸಿಕ್ಕುತ್ತದೆ. ಗಿಡ ಹೆಚ್ಚು, ಮೀನು ಕಡಿಮೆ ಇದ್ದರೆ ಆ ಭಯವಿಲ್ಲ. ಆದರೂ ಒಂದು ಎಚ್ಚರಿಕೆ: ರಾತ್ರಿಯಲ್ಲಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ. ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಗುಂಪು ಹೆಚ್ಚಾಗಿದೆ ಎಂದು ತಿಳಿಯಿರಿ.

ಆಹಾರ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರಕ್ಕೊಂದು ಒಪ್ಪೊತ್ತು ಮಾಡಿಸಿದರೆ ಅಲ್ಲ, ಪೂರ್ತಿ ಉಪವಾಸವನ್ನೇ ಮಾಡಿಸಿದರೂ ಮೀನಿಗೆ ಕೇಡಿಲ್ಲ.

ರೈತರ ಮನೆಯಲ್ಲಿ ಪಟ್ಟಣದವರಿಗಿಲ್ಲದ ಅಪಾಯಗಳು ಕೆಲವಿವೆ. ತಾಮ್ರವು ಮೀನಿಗೂ ಬಸವನಹುಳುವಿಗೂ ವಿಷ. ಆದ್ದರಿಂದ ತಾಮ್ರದ ಹಂಡೆಯಲ್ಲಿ ನಿಂತ ನೀರು ನಿಮಗೆ ಒಳ್ಳೆಯದೆನಿಸಿದರೂ ತೊಟ್ಟಿಗೆ ಬೇಡ. ಅಡಿಕೆಗೆ ಬೋರ್ಡೋ ದ್ರಾವಣ ಕಲಸಿದ ಬಕೆಟ್ಟನ್ನಂತೂ ಹತ್ತಿರ ತರಲೇಬೇಡಿ; ಅದರಲ್ಲಿರುವುದು ಮೈಲುತುತ್ತ. ಔಷಧ ಸಿಂಪಡಿಸಿ ಬಂದ ಕೈಯನ್ನು ತೊಟ್ಟಿಯಲ್ಲಿ ಅದ್ದಬಾರದು. ಪೈರೆತ್ರಾಯಿಡ್ ಜಾತಿಯ ಕೀಟನಾಶಕಗಳು ಅತಿ ಸ್ವಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುತ್ತವೆ. ಹೊಸ ಸಿಮೆಂಟ್ ತೊಟ್ಟಿಯಲ್ಲಿ ಸಾಕುವವರು ಎರಡು ಮೂರು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ, ಸುಣ್ಣದ ಕ್ಷಾರ ಇಳಿದ ಮೇಲೆಯೇ ಮೀನು ಬಿಡಬೇಕು.

ಯಾವ ಮೀನು? ಇಷ್ಟು ತೊಟ್ಟಿಗೆ ಬೆರಳುದ್ದಕ್ಕಿಂತ ಚಿಕ್ಕ ಜಾತಿಯ ಐದಾರು ಮೀನು ಸಾಕು. ಗಪ್ಪಿ ಸುಲಭ. ಅದು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ, ಬೇಗ ಹೆಚ್ಚುತ್ತದೆ. ನನಗೆ ಮೆಚ್ಚಿಗೆಯಾದದ್ದು ನಮ್ಮ ನಾಡಿನ ತೊರೆ ಗದ್ದೆಗಳಲ್ಲಿಯೇ ಇರುವ ಅಪ್ಲೊಕೀಲಸ್. ನೀರಿನ ಮೇಲ್ಭಾಗದಲ್ಲಿಯೇ ಸುಳಿದಾಡುತ್ತ ಸೊಳ್ಳೆಯ ಮರಿಹುಳುಗಳನ್ನು ಹಿಡಿದು ತಿನ್ನುತ್ತದೆ. ಎಗರುವ ಸ್ವಭಾವದ್ದಾದ್ದರಿಂದ ತೊಟ್ಟಿಗೆ ಜಾಲರಿ ಮುಚ್ಚಳ ಬೇಕು. ಗೋಲ್ಡ್‌ಫಿಷ್ ಗೆಂಡೆಯ ಕುಲದ್ದು. ಗೇಣುದ್ದ ಬೆಳೆಯುತ್ತದೆ, ಹೊಲಸೂ ಹೆಚ್ಚು. ಕಾಟ್ಲ, ರೋಹು ಮರಿಗಳನ್ನು ಗಾಜಿನಲ್ಲಿಡುವುದು ಎತ್ತಿನ ಕರುವನ್ನು ಕೋಳಿಗೂಡಿನಲ್ಲಿ ಕಟ್ಟಿದಂತೆ.

ಸೊಳ್ಳೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆ ಮನೆಯ ಸುತ್ತ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಬೇಸಗೆಯಲ್ಲಿ ವಾರ ಹತ್ತು ದಿನದೊಳಗೆ ಹೊಸ ಸೊಳ್ಳೆ ಹಾರುತ್ತದೆ. ಹಿತ್ತಲಿನ ಬಳಕೆಯ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ತಿಕ್ಕಲಾಗದಿದ್ದರೆ ಅದರಲ್ಲಿ ನಾಲ್ಕೈದು ಅಪ್ಲೊಕೀಲಸ್ ಇರಲಿ. ಕುಡಿಯುವ ನೀರನ್ನಂತೂ ಮುಚ್ಚಿಡುವುದೇ ಸರಿ.

ಮೀನು ಬೇಡವಾಯಿತೆಂದು, ಪಾಪ ಬದುಕಿಕೊಳ್ಳಲಿ ಎಂದು, ಕೆರೆಗೆ ಬಿಡುವವರಿದ್ದಾರೆ. ಇದನ್ನು ದಯೆಯೆಂದು ನಾನು ಒಪ್ಪುವುದಿಲ್ಲ. ಗಾಜು ನೆಕ್ಕುತ್ತದೆಂದು ಅಂಗಡಿಯಲ್ಲಿ ಮಾರುವ, ಮೈಯೆಲ್ಲ ಗಟ್ಟಿ ಚಿಪ್ಪಿನ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಹೀಗೆ ಬಿಟ್ಟದ್ದು ದಕ್ಷಿಣ ಭಾರತದ ಹಲವು ಕೆರೆ ನದಿಗಳಲ್ಲಿ ಬೆಳೆದು, ಬಲೆಗಳನ್ನು ಹರಿದು, ಮೀನುಗಾರರಿಗೆ ನಷ್ಟ ತಂದಿದೆ. ನಮ್ಮ ಕೆರೆಯಲ್ಲಿ ಮರಿ ಬಿತ್ತಿ ವರ್ಷವೆಲ್ಲ ಕಾಯುವವರೂ ನಮ್ಮ ಊರಿನವರೇ. ಗಪ್ಪಿಯನ್ನೂ ಕೆರೆಗೆ ಬಿಡಬೇಡಿ. ಬೇಡವಾದರೆ ಬೇರೆ ಮನೆಗೆ ಕೊಡಿ, ಇಲ್ಲವೆ ಅಂಗಡಿಗೆ ಹಿಂದಿರುಗಿಸಿ.

ವಾರಗಟ್ಟಲೆ ಊರಿಗೆ ಹೋದರೆ ಏನು ಮಾಡುವುದು ಎಂದು ಕೆಲವರು ಕೇಳುತ್ತಾರೆ. ಬಲಿತ ಮೀನು ಆರೋಗ್ಯವಾಗಿದ್ದರೆ ಒಂದು ವಾರ ಆಹಾರವಿಲ್ಲದೆ ಇರಬಲ್ಲದು. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗಿ; ಮೀನಿನ ಆಹಾರದ ಡಬ್ಬಿಯನ್ನು ಮಾತ್ರ ಒಳಗೆ ಎತ್ತಿಡಿ. ಹೈಡ್ರಿಲ್ಲದ ಎಳೆಗಳು ಬೇಕಾದವರು ಯುವಕ ಮಂಡಲಿಯ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿದರೆ ಮುಂದಿನ ಭೇಟಿಯಲ್ಲಿ ತಂದುಕೊಡುತ್ತೇನೆ.