ಬಿದ್ದ ಯಂತ್ರದ ಲೆಕ್ಕ ಬರೆಯುವವರು ಯಾರು?

(ನಾಗಪುರದ ಲಕ್ಷ್ಮೀ ನಗರದಲ್ಲಿ ಸೇರಿದ್ದ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ಕಾವ್ಯವನ್ನೋ ಇತಿಹಾಸವನ್ನೋ ಕುರಿತು ಆಡತಕ್ಕ ಈ ವೇದಿಕೆಯಲ್ಲಿ ಕಂಪ್ಯೂಟರಿನ ಮಾತು ಎತ್ತಿದ್ದಕ್ಕೆ ಕಾರಣವುಂಟು. ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ಇಂದು ಇದೇ ವೃತ್ತಿಯಲ್ಲಿದ್ದಾರೆ. ಅವರ ಬಾಯಲ್ಲಿ ಬರುವ ‘ಡಿಬಗ್ಗರ್’, ‘ಕೋರ್ ಡಂಪ್’ ಎಂಬ ಮಾತುಗಳು ಮನೆಯ ಹಿರಿಯರಿಗೆ ತಿಳಿಯವು. ಬ್ಯಾಂಕಿನ ಗುಮಾಸ್ತರಾದ ನಾವು ಅವನ್ನು ನಮಗೆ ತಿಳಿದ ಲೆಕ್ಕದ ಪುಸ್ತಕದ ಭಾಷೆಯಲ್ಲಿಯೇ ಹೇಳಲು ಯತ್ನಿಸುತ್ತೇವೆ.

ಕಂಪ್ಯೂಟರಿನ ದೊಡ್ಡ ಸ್ಮೃತಿಯನ್ನು ಲೆಡ್ಜರ್ ಎಂದುಕೊಳ್ಳಿ. ಪ್ರೊಸೆಸರ್ ಅದರ ಮುಂದೆ ಕುಳಿತ ಗುಮಾಸ್ತ. ಆತನ ಕೈಯಳತೆಯಲ್ಲಿ ಕೆಲವೇ ಚೀಟಿಗಳಿರುತ್ತವೆ, ಅವೇ ರಿಜಿಸ್ಟರುಗಳು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ 64 ಬಿಟ್ಟಿನ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಸಾಮಾನ್ಯ ಕೆಲಸದ ಇಂಥ ಚೀಟಿಗಳು 16. ಇವಲ್ಲದೆ, ಮುಂದೆ ಮಾಡಬೇಕಾದ ಆಜ್ಞೆ ಎಲ್ಲಿದೆ ಎಂದು ತೋರಿಸುವ ಚೀಟಿ ಬೇರೆ.

ಗುಮಾಸ್ತ ಒಬ್ಬ, ಗಿರಾಕಿಗಳು ನೂರು. ಒಂದು ಪ್ರೋಗ್ರಾಮಿನ ಕೆಲಸ ಬಿಟ್ಟು ಇನ್ನೊಂದಕ್ಕೆ ಹೊರಳುವಾಗ, ಮೊದಲನೆಯದರ ಚೀಟಿಗಳಲ್ಲಿದ್ದುದನ್ನು ಬರೆದಿಡಬೇಕು. ಈ ಮೇಲ್ವಿಚಾರಣೆ ನೋಡುವುದು ಕರ್ನಲ್. ಡಿಬಗ್ಗರ್ ಎಂಬ ತನಿಖೆಯ ಸಾಧನವು ಪ್ರೊಸೆಸರಿನ ಒಳಗೇ ಇಣುಕುತ್ತದೆ ಎಂದು ಹಲವರು ಭಾವಿಸುವುದುಂಟು. ಹಾಗಲ್ಲ. ಅದು ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಆಗ ಕರ್ನಲ್ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಂಡ ಅಂಕಿಗಳನ್ನು ಕೇಳಿ ಪಡೆಯುತ್ತದೆ. ಲಿನಕ್ಸಿನಲ್ಲಿ ಈ ಕೋರಿಕೆಗೆ ‘ಪಿಟ್ರೇಸ್’ ಎಂದು ಹೆಸರು. ರಿಚರ್ಡ್ ಸ್ಟಾಲ್‌ಮನ್ನರು 1986ರಲ್ಲಿ ಬರೆದ ಜಿಡಿಬಿ ಎಂಬ ಡಿಬಗ್ಗರ್ ಅಲ್ಲಿ ಕೆಲಸ ಮಾಡುವುದು ಹೀಗೆಯೇ.

ಪ್ರೋಗ್ರಾಮೊಂದು ತನ್ನದಲ್ಲದ ಸ್ಮೃತಿಗೆ ಕೈಹಾಕಿತೆನ್ನಿ. ಕರ್ನಲ್ ಅದಕ್ಕೆ 11ನೆಯ ಸಂಖ್ಯೆಯ ಸಂಕೇತ ಕಳಿಸಿ ಮುಗಿಸುತ್ತದೆ. ನಿಯಮದಲ್ಲಿ ಅನುಮತಿಯಿದ್ದರೆ, ಜಾಗ ತೆರವು ಮಾಡುವ ಮುನ್ನ ಅದರ ಸ್ಮೃತಿಯನ್ನೂ ರಿಜಿಸ್ಟರುಗಳ ಅಂಕಿಗಳನ್ನೂ ಒಂದು ಕಡತಕ್ಕೆ ಬರೆದಿಡುತ್ತದೆ. ಇದೇ ಕೋರ್ ಡಂಪ್. ಬಿದ್ದ ಗಳಿಗೆಯ ಪಂಚನಾಮೆ. ಹಿಂದೆ ಸ್ಮೃತಿಯನ್ನು ಫೆರೈಟಿನ ಪುಟ್ಟ ಉಂಗುರಗಳಿಂದ ಹೆಣೆಯುತ್ತಿದ್ದರು. ಆ ಉಂಗುರವೇ ‘ಕೋರ್’. 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದ ಟಿಫ್ರ್ಯಾಕ್ ಯಂತ್ರದಲ್ಲಿಯೂ ಇದ್ದುದು ಅಂಥದೇ ಸ್ಮೃತಿ. ಸೇರು ಪಾವುಗಳು ಅಂಗಡಿಯಿಂದ ಹೋದರೂ ಮಾತಿನಲ್ಲಿ ಉಳಿದಂತೆ, ಉಂಗುರ ಹೋಗಿ ಹೆಸರು ಉಳಿಯಿತು.

ಸರಿ, ಪ್ರೋಗ್ರಾಮು ಬಿದ್ದರೆ ಕರ್ನಲ್ ಬರೆಯಿತು. ಕರ್ನಲ್ಲೇ ಬಿದ್ದರೆ ಬರೆಯುವವರಾರು? ಕೆಟ್ಟುಹೋದ ಕರ್ನಲ್ಲಿನ ಕೈಗೆ ಲೇಖನಿ ಕೊಡುವುದು ಅಪಾಯ. ಅದು ಡಿಸ್ಕಿನ ಒಳ್ಳೆಯ ಲೆಕ್ಕದ ಮೇಲೆಯೇ ಗೀಚಬಹುದು. ಯಂತ್ರವನ್ನು ಎಂದಿನಂತೆ ಮತ್ತೆ ಹೊರಡಿಸಿದರೆ ಸ್ಮೃತಿಯೇ ಅಳಿಸಿಹೋಗಬಹುದು.

ಈ ತೊಡಕಿಗೆ ಪರಿಹಾರ ಕಂಡುಕೊಂಡುದರಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು. ಅಲ್ಲಿಯ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ ಇವರು, ‘ಕೆಕ್ಸೆಕ್’ ರಚಿಸಿದ ಎರಿಕ್ ಬೀಡರ್‌ಮನ್ನರೊಡನೆ, ‘ಕೆಡಂಪ್’ ಎಂಬ ಏರ್ಪಾಡನ್ನು 2005ರಲ್ಲಿ ಕೆನಡಾದ ಒಟಾವಾದ ಸಮ್ಮೇಳನದಲ್ಲಿ ವಿವರಿಸಿದರು. ಅದೇ ವರ್ಷ ಅದು ಲಿನಕ್ಸಿನ 2.6.13ನೆಯ ಆವೃತ್ತಿಯಲ್ಲಿ ಸೇರಿತು. ಉಪಾಯ ಸರಳ. ಯಂತ್ರ ಹೊರಡುವಾಗಲೇ ಸ್ಮೃತಿಯ ಒಂದು ಚಿಕ್ಕ ಭಾಗವನ್ನು ಯಾರೂ ಮುಟ್ಟದಂತೆ ಎತ್ತಿಡುವುದು. ಅದರೊಳಗೆ ಎರಡನೆಯ ಕರ್ನಲ್ಲೊಂದನ್ನು ಸಿದ್ಧವಾಗಿರಿಸುವುದು. ಮೊದಲನೆಯದು ಬಿದ್ದೊಡನೆ ರಿಜಿಸ್ಟರುಗಳನ್ನು ಗುರುತು ಹಾಕಿ, ಎರಡನೆಯದಕ್ಕೆ ನೇರವಾಗಿ ಅಧಿಕಾರ ಒಪ್ಪಿಸಲಾಗುತ್ತದೆ. ಅದು ತನಗೆ ಮೀಸಲಾದ ಮೂಲೆಯಲ್ಲಿಯೇ ನಿಂತು, ಮೊದಲನೆಯದರ ಸ್ಮೃತಿಯನ್ನು ಡಿಸ್ಕಿಗೋ ಬೇರೊಂದು ಯಂತ್ರಕ್ಕೋ ನಕಲು ಮಾಡುತ್ತದೆ; ಆಮೇಲೆ ಯಂತ್ರ ಹೊಸದಾಗಿ ಹೊರಡುತ್ತದೆ.

ಇದರಿಂದ ನಮಗೇನು ಎನ್ನುವಿರಾ? ಪಿಂಚಣಿಯ ದಿನ ಕೌಂಟರಿನ ಮುಂದೆ ಸಾಲು ಬೆಳೆದಿರುವಾಗ ಯಂತ್ರ ನಿಂತರೆ, “ಬೇಗ ಮತ್ತೆ ಹಚ್ಚಿ” ಎಂದೇ ಎಲ್ಲರ ಕೂಗು. ಹಚ್ಚಿದರೆ ಅಂದಿನ ಕೆಲಸ ನಡೆದೀತು. ಆದರೆ ಕಾರಣ ಅಳಿಸಿಹೋಗಿ, ಮುಂದಿನ ತಿಂಗಳು ಅದೇ ತೊಂದರೆ ಅದೇ ಮುದುಕರನ್ನು ಕಾಡೀತು. ನಗದಿನಲ್ಲಿ ವ್ಯತ್ಯಾಸ ಕಂಡರೆ ನಾವು ಪೆಟ್ಟಿಗೆಯನ್ನು ಬರಿದುಮಾಡಿ ಹೊಸ ಲೆಕ್ಕ ಶುರುಮಾಡುವುದಿಲ್ಲ. ಮೊದಲು ಎಣಿಸಿ, ಬರೆದು, ಸಹಿ ಹಾಕುತ್ತೇವೆ. ಯಂತ್ರಕ್ಕೂ ಅದೇ ನ್ಯಾಯ ಸಲ್ಲಬೇಕು.

ಒಂದು ಎಚ್ಚರಿಕೆಯೂ ಇದೆ. ಆ ಗಳಿಗೆಯಲ್ಲಿ ಸ್ಮೃತಿಯೊಳಗೆ ಗಿರಾಕಿಯ ಹೆಸರು, ಖಾತೆಯ ಸಂಖ್ಯೆ, ಗುಪ್ತಪದ ಏನಿದ್ದರೂ ಡಂಪಿನಲ್ಲಿ ಬರಬಹುದು. ಆದ್ದರಿಂದ ಆ ಕಡತಕ್ಕೂ ತಿಜೋರಿಯ ಬೀಗವೇ ಬೇಕು. ತನಿಖೆಗೆಂದು ಕಂಡಕಂಡವರಿಗೆ ಕಳಿಸತಕ್ಕದ್ದಲ್ಲ.

ಎತ್ತಿಟ್ಟ ಆ ಸ್ಮೃತಿ ಒಳ್ಳೆಯ ದಿನಗಳಲ್ಲಿ ಯಾವ ಕೆಲಸಕ್ಕೂ ಬಾರದು; ವ್ಯರ್ಥವೆಂದು ತೋರುವುದು ಸಹಜ. ಆದರೆ ಪರಸ್ಥಳದಲ್ಲಿ ಸಂಸಾರ ಹೂಡಿದ ನಮಗೆ, ಆಪತ್ತಿಗೆಂದು ಎತ್ತಿಟ್ಟ ಕಾಸಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.